ಪಿಎಸ್‌ಪಿಯನ್ನು ತಂಡದ ನೆರವಿಲ್ಲದೆ ಒಬ್ಬರೇ ಪಾಲಿಸಬಹುದೇ? ಎಲ್ಲಿಂದ ಆರಂಭಿಸಬೇಕು?

ತುಂಗಾತೀರ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬ್ಯಾಕೆಂಡ್ ಡೆವಲಪರ್ ಆಗಿದ್ದೇನೆ. ಬಿಲ್ಲಿಂಗ್‌ಗೆ ಸಂಬಂಧಿಸಿದ ಜಾವಾ ಕೋಡ್ ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳ ಅನುಭವವಿದೆ, ಕೆಲಸದ ಬಗ್ಗೆ ಯಾರ ದೂರೂ ಇಲ್ಲ. ಆದರೂ, ಎರಡು ವರ್ಷಗಳ ಹಿಂದಿಗಿಂತ ನಾನು ಈಗ ಉತ್ತಮ ಡೆವಲಪರ್ ಆಗಿದ್ದೇನೆಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನಲು ನನ್ನ ಬಳಿ ಯಾವ ಆಧಾರವೂ ಇಲ್ಲ. ಹೊಸ ಫ್ರೇಮ್‌ವರ್ಕ್‌ಗಳನ್ನು ಕಲಿತಿದ್ದೇನೆ, ಆನ್‌ಲೈನ್ ಕೋರ್ಸ್‌ಗಳನ್ನು ಮುಗಿಸಿದ್ದೇನೆ. ಆದರೆ ಅವು ನನಗೆ ಏನು ಗೊತ್ತು ಎಂಬುದನ್ನು ಹೇಳುತ್ತವೆಯೇ ಹೊರತು ನಾನು ಹೇಗೆ ಕೆಲಸ ಮಾಡುತ್ತೇನೆ ಎಂಬುದನ್ನಲ್ಲ.

ಈ ಹುಡುಕಾಟದಲ್ಲಿ ವಾಟ್ಸ್ ಹಂಫ್ರಿ ಅವರು ರೂಪಿಸಿದ ಪರ್ಸನಲ್ ಸಾಫ್ಟ್‌ವೇರ್ ಪ್ರೊಸೆಸ್, ಅಂದರೆ ಪಿಎಸ್‌ಪಿ, ಕಣ್ಣಿಗೆ ಬಿತ್ತು. ಸಮಯದ ದಾಖಲೆ, ದೋಷಗಳ ದಾಖಲೆ, ಸ್ವಂತ ಅಂಕಿಅಂಶದಿಂದಲೇ ಎಸ್ಟಿಮೇಟ್ ಕಟ್ಟುವ ಕ್ರಮ ಇವೆಲ್ಲವೂ ನನಗೆ ಬೇಕಾದದ್ದಕ್ಕೆ ಹತ್ತಿರವಾಗಿ ಕಾಣುತ್ತಿವೆ. ಆದರೆ ಈ ವಿಧಾನ 1990ರ ದಶಕದ್ದು. ಕಂಪೈಲ್ ಮಾಡುವುದನ್ನೇ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದನ್ನೇ) ಪ್ರತ್ಯೇಕ ಹಂತವೆಂದು ಲೆಕ್ಕ ಹಾಕಿ, ಕೋಡನ್ನು ಸಾಲುಗಳಲ್ಲಿ ಅಳೆಯುತ್ತಿದ್ದ ಕಾಲದ ವಿಧಾನ ಇಂದಿಗೂ ಒದಗುತ್ತದೆಯೇ? ತಂಡದಲ್ಲಿ ಬೇರೆ ಯಾರೂ ಪಾಲಿಸದಿದ್ದಾಗ ಒಬ್ಬನೇ ಮಾಡುವುದರಲ್ಲಿ ಅರ್ಥವಿದೆಯೇ? ಇದ್ದರೆ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಬಿಡಬಹುದು? ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೆಯ_ಕೋಡಿಗ ಅವರ ಉತ್ತರ:

ತುಂಗಾತೀರ ಅವರೇ, ಒಬ್ಬರೇ ಮಾಡುವುದರಲ್ಲಿ ಅರ್ಥವಿದೆಯೇ ಎಂಬುದನ್ನು ಮೊದಲು ನೋಡೋಣ. ಈ ವಿಧಾನ ಹುಟ್ಟಿದ್ದೇ ಒಬ್ಬ ವ್ಯಕ್ತಿಗಾಗಿ. ಹಂಫ್ರಿ ಐಬಿಎಂನಲ್ಲಿ ದೀರ್ಘಕಾಲ ದುಡಿದು, 1986ರಲ್ಲಿ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸೇರಿದವರು. ಅಲ್ಲಿ ಅವರ ಮುಂದಾಳತ್ವದಲ್ಲಿ ಆರಂಭವಾದ ಕೆಲಸವೇ ಸಂಸ್ಥೆಗಳ ಪ್ರಬುದ್ಧತೆಯನ್ನು ಐದು ಹಂತಗಳಲ್ಲಿ ಅಳೆಯುವ ಸಿಎಂಎಂ ಆಗಿ ಬೆಳೆಯಿತು. ಬೆಂಗಳೂರಿಗೆ ಈ ಮಾದರಿ ಚೆನ್ನಾಗಿ ಪರಿಚಿತ: ಇಲ್ಲಿನ ಮೋಟೊರೋಲಾ ಕೇಂದ್ರ 1990ರ ದಶಕದ ಮೊದಲ ಭಾಗದಲ್ಲೇ ಐದನೇ ಹಂತ ತಲುಪಿತ್ತು, ಆಮೇಲೆ ನಮ್ಮ ದೊಡ್ಡ ಕಂಪನಿಗಳೆಲ್ಲ ಆ ಹಂತದ ಹಿಂದೆ ಬಿದ್ದವು. ಚೆನ್ನೈನಲ್ಲಿ ಹಂಫ್ರಿ ಅವರ ಹೆಸರಿನಲ್ಲೇ 2000ದಲ್ಲಿ ಒಂದು ಗುಣಮಟ್ಟ ಸಂಸ್ಥೆ ಆರಂಭವಾಯಿತು. ಆದರೆ ಅವರನ್ನು ಕಾಡಿದ ಪ್ರಶ್ನೆ ಬೇರೆಯದು. ಸಂಸ್ಥೆಗೆ ಹೇಳುವ ಶಿಸ್ತು ಒಂದು ಸಣ್ಣ ಪ್ರೋಗ್ರಾಂ ಬರೆಯುವ ಒಬ್ಬ ವ್ಯಕ್ತಿಗೆ ಅನ್ವಯಿಸುತ್ತದೆಯೇ ಎಂದು ತಿಳಿಯಲು ಅವರು ತಾವೇ ಹತ್ತಾರು ಪ್ರೋಗ್ರಾಂಗಳನ್ನು ಬರೆದು, ತಮ್ಮದೇ ಸಮಯ ಮತ್ತು ದೋಷಗಳನ್ನು ದಾಖಲಿಸಿದರು. 1995ರಲ್ಲಿ ಅದು ಪಠ್ಯಪುಸ್ತಕವಾಗಿ ಹೊರಬಂತು. ಹಾಗಾಗಿ ತಂಡವಿಲ್ಲ ಎಂಬುದು ಇಲ್ಲಿ ಕೊರತೆಯೇ ಅಲ್ಲ.

ಮೂಲ ಕ್ರಮ ಏಳು ಮೆಟ್ಟಿಲುಗಳದ್ದು. ಸೊನ್ನೆಯ ಮೆಟ್ಟಿಲಿನಲ್ಲಿ ನೀವು ಈಗ ಹೇಗೆ ಕೆಲಸ ಮಾಡುತ್ತೀರೋ ಹಾಗೆಯೇ ಮಾಡುತ್ತಾ ಸಮಯ ಮತ್ತು ದೋಷಗಳನ್ನು ಮಾತ್ರ ಬರೆದುಕೊಳ್ಳುತ್ತೀರಿ. ಬಳಿಕ ಗಾತ್ರದ ಅಳತೆ, ಎಸ್ಟಿಮೇಟ್, ವೇಳಾಪಟ್ಟಿ. ಎರಡನೇ ಮೆಟ್ಟಿಲಿನಲ್ಲಿ ಸ್ವಂತ ವಿನ್ಯಾಸ ಮತ್ತು ಕೋಡಿನ ರಿವ್ಯೂ. ಕೊನೆಗೆ ದೊಡ್ಡ ಕೆಲಸವನ್ನು ಆವರ್ತಗಳಾಗಿ ಒಡೆಯುವುದು. ಅಭ್ಯಾಸದ ಪ್ರೋಗ್ರಾಂಗಳ ಆಯ್ಕೆ ನನಗೆ ಬಹಳ ಇಷ್ಟವಾದ ಸಂಗತಿ. ಲಿಂಕ್ಡ್ ಲಿಸ್ಟ್ ಬಳಸಿ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಹಾಕುವುದರಿಂದ ಆರಂಭವಾಗಿ, ಸಾಲು ಎಣಿಸುವ ಪ್ರೋಗ್ರಾಂ, ಲೀನಿಯರ್ ರಿಗ್ರೆಷನ್ (ಹಿಂದಿನ ಅಂಕಿಗಳಿಗೆ ಹೊಂದುವ ಗೆರೆ ಎಳೆದು ಮುಂದಿನದನ್ನು ಅಂದಾಜಿಸುವುದು), ಕೋರಿಲೇಷನ್ (ಎರಡು ಅಂಕಿಗಳ ನಡುವಿನ ಸಂಬಂಧ ಎಷ್ಟು ಬಲವಾದದ್ದು ಎಂಬ ಅಳತೆ) ಹೀಗೆ ಸಾಗುತ್ತದೆ. ಅಂದರೆ ವಿದ್ಯಾರ್ಥಿ ತನ್ನ ದತ್ತಾಂಶವನ್ನು ವಿಶ್ಲೇಷಿಸಲು ಬೇಕಾದ ಸಲಕರಣೆಗಳನ್ನು ಅಭ್ಯಾಸದ ನೆಪದಲ್ಲಿ ತಾನೇ ಕಟ್ಟಿಕೊಳ್ಳುತ್ತಾನೆ.

ಇಷ್ಟೆಲ್ಲವನ್ನೂ ಒಮ್ಮೆಗೇ ಹೊತ್ತುಕೊಳ್ಳಬೇಡಿ. ಮೊದಲು ಹಿಡಿಯಬೇಕಾದದ್ದು ದೋಷಗಳ ದಾಖಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಎಸ್‌ಪಿಯ ಜೀವ ಇರುವುದೇ ಅಲ್ಲಿ. ಅನುಭವಿ ಎಂಜಿನಿಯರುಗಳೂ ಸಾವಿರ ಸಾಲಿಗೆ ಸುಮಾರು 100 ದೋಷಗಳನ್ನು ಸೇರಿಸುತ್ತಾರೆ ಎಂಬುದು ಹಂಫ್ರಿ ಅವರು ತರಬೇತಿಗಳ ದತ್ತಾಂಶದಿಂದ ಕಂಡುಕೊಂಡ ಮಾತು. ಕಂಪೈಲರ್ ಹಿಡಿಯುವ ಸಣ್ಣಪುಟ್ಟವೂ ಇದರಲ್ಲಿ ಸೇರಿವೆ, ಆದ್ದರಿಂದ ಆ ಸಂಖ್ಯೆಗೆ ಗಾಬರಿಯಾಗಬೇಕಿಲ್ಲ. ಮುಖ್ಯವಾದದ್ದೆಂದರೆ ಒಬ್ಬೊಬ್ಬರ ದೋಷಗಳಿಗೂ ಅವರದೇ ಜಾಡು ಇರುತ್ತದೆ, ಬರೆದಿಡದ ಹೊರತು ಅದು ಅವರಿಗೇ ಕಾಣಿಸುವುದಿಲ್ಲ.

ದಾಖಲೆಯ ಒಂದು ಸಾಲು ಹೇಗಿರುತ್ತದೆ ಎಂದು ನಿಮ್ಮ ಬಿಲ್ಲಿಂಗ್ ಕ್ಷೇತ್ರದಿಂದಲೇ ತೋರಿಸುತ್ತೇನೆ. ತಿಂಗಳ ವರದಿಯಲ್ಲಿ ಕೊನೆಯ ದಿನದ ಇನ್‌ವಾಯ್ಸ್‌ಗಳು ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಕ್ವೆರಿ 31ನೇ ತಾರೀಖಿನ ಮಧ್ಯರಾತ್ರಿ ಸೊನ್ನೆ ಗಂಟೆಯವರೆಗೆ ಮಾತ್ರ ಹುಡುಕುತ್ತಿತ್ತು, ಆ ದಿನ ಹಗಲಿನಲ್ಲಿ ಆದ ವಹಿವಾಟು ಹೊರಗುಳಿಯಿತು. ದಾಖಲೆಯಲ್ಲಿ ದೋಷದ ಬಗೆ 80 ಎಂದು ಬರೆಯುತ್ತೀರಿ. ಹಂಫ್ರಿ ಅವರ ಪಟ್ಟಿಯಲ್ಲಿ 10ರಿಂದ 100ರವರೆಗೆ ಹತ್ತು ಬಗೆಗಳಿದ್ದು, ತರ್ಕ ಮತ್ತು ಲೂಪ್‌ಗಳ ದೋಷಗಳಿಗೆ 80, ಇಂಟರ್‌ಫೇಸ್ ದೋಷಗಳಿಗೆ 50. ಸೇರಿದ ಹಂತ ವಿನ್ಯಾಸ, ತೆಗೆದ ಹಂತ ಟೆಸ್ಟಿಂಗ್, ಸರಿಪಡಿಸಲು ತಗುಲಿದ್ದು 40 ನಿಮಿಷ. ಇದರ ಪಕ್ಕದಲ್ಲಿ ಇನ್ನೊಂದು ಸಣ್ಣ ಅಂಕಣವಿದೆ: ಈ ದೋಷ ಬೇರೊಂದು ದೋಷವನ್ನು ಸರಿಪಡಿಸುವಾಗ ಹುಟ್ಟಿದ್ದಾದರೆ ಆ ಹಳೆಯ ದೋಷದ ಸಂಖ್ಯೆ. ಅವಸರದಲ್ಲಿ ಮಾಡಿದ ರಿಪೇರಿಗಳು ಎಷ್ಟು ಹೊಸ ಕೆಲಸ ತಂದುಹಾಕುತ್ತವೆ ಎಂಬುದನ್ನು ಆ ಒಂದೇ ಅಂಕಣ ಎತ್ತಿ ತೋರಿಸುತ್ತದೆ.

ಇಂಥ ಸಾಲುಗಳು ಒಂದಷ್ಟು ಕೂಡಿದ ಮೇಲೆ ಬಗೆಯ ಪ್ರಕಾರ ವಿಂಗಡಿಸಿ, ಹೆಚ್ಚು ಸಮಯ ತಿಂದ ನಾಲ್ಕೈದು ಬಗೆಗಳಿಂದ ನಿಮ್ಮದೇ ಚೆಕ್‌ಲಿಸ್ಟ್ ಮಾಡಿಕೊಳ್ಳಿ. "ದಿನಾಂಕದ ವ್ಯಾಪ್ತಿ ಇರುವ ಪ್ರತಿಯೊಂದು ಕ್ವೆರಿಯಲ್ಲೂ ಕೊನೆಯ ದಿನ ಪೂರ್ತಿ ಒಳಗೆ ಬಂದಿದೆಯೇ?" ಎಂಬಷ್ಟು ನಿರ್ದಿಷ್ಟವಾಗಿ ಬರೆಯಬೇಕು. "ತರ್ಕ ಸರಿಯಿದೆಯೇ?" ಎಂದು ಬರೆದರೆ ಏನೂ ಸಿಗುವುದಿಲ್ಲ. ರಿವ್ಯೂ ಮಾಡುವಾಗ ಪಟ್ಟಿಯ ಒಂದು ಅಂಶವನ್ನು ಹಿಡಿದು ಇಡೀ ಕೋಡನ್ನು ಓದಬೇಕು, ಆಮೇಲೆ ಮುಂದಿನ ಅಂಶಕ್ಕೆ ಹೋಗಬೇಕು. ಗಂಟೆಗೆ 200 ಸಾಲಿಗಿಂತ ವೇಗವಾಗಿ ಓದಬಾರದು, ಕೋಡ್ ಬರೆಯಲು ತೆಗೆದುಕೊಂಡ ಸಮಯದ ಅರ್ಧದಷ್ಟಾದರೂ ರಿವ್ಯೂಗೆ ಮೀಸಲಿಡಬೇಕು ಎಂಬುದು ಹಂಫ್ರಿ ಅವರ ಮಾರ್ಗಸೂಚಿ. ರಿವ್ಯೂನಲ್ಲಿ ಕೆಲವೇ ನಿಮಿಷಗಳಲ್ಲಿ ತೆಗೆಯಬಹುದಾದ ದೋಷ ಯೂನಿಟ್ ಟೆಸ್ಟ್ (ಬಿಡಿ ಭಾಗದ ಪರೀಕ್ಷೆ) ದಾಟಿ ಸಿಸ್ಟಂ ಟೆಸ್ಟ್ (ಇಡೀ ವ್ಯವಸ್ಥೆಯ ಪರೀಕ್ಷೆ) ತಲುಪಿದರೆ ಗಂಟೆಗಳ ಕೆಲಸವಾಗುತ್ತದೆ. ನಿಮ್ಮ ದಾಖಲೆಯ ಸಮಯದ ಅಂಕಣ ಅದನ್ನು ನಿಮಗೇ ತೋರಿಸಿದಾಗ ರಿವ್ಯೂ ಮಾಡಿ ಎಂದು ಬೇರೆಯವರು ಹೇಳಬೇಕಾಗುವುದಿಲ್ಲ.

ಕಂಪೈಲ್ ಹಂತವನ್ನು ನಿಶ್ಚಿಂತೆಯಿಂದ ಕೈಬಿಡಿ. ಬರೆಯುತ್ತಿದ್ದಂತೆಯೇ ಎಡಿಟರ್ ಕೆಂಪು ಗೆರೆ ಎಳೆಯುವ ಈ ದಿನಗಳಲ್ಲಿ ವ್ಯಾಕರಣ ದೋಷಗಳನ್ನು ಎಣಿಸುವುದರಿಂದ ಲಾಭವಿಲ್ಲ. ಅದರ ಬದಲು ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆಯನ್ನು ಪರಿಶೀಲಿಸಿ ಸೇರಿಸಿಕೊಳ್ಳಿ ಎಂದು ತಂಡಕ್ಕೆ ಕಳಿಸುವ ಕೋರಿಕೆ) ತೆರೆದ ಕ್ಷಣವನ್ನು ಗಡಿಯಾಗಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ನೀವೇ ಹಿಡಿದವು ಎಷ್ಟು, ಆಮೇಲೆ ಬೇರೆಯವರು ಅಥವಾ ಟೆಸ್ಟ್‌ಗಳು ಹಿಡಿದವು ಎಷ್ಟು ಎಂಬ ಶೇಕಡಾವಾರು ಲೆಕ್ಕ ಮೂಲದ ಯೀಲ್ಡ್ ಎಂಬ ಅಳತೆಗೆ ಸಾಕಷ್ಟು ಹತ್ತಿರದ್ದು.

ಅಂಕಿಅಂಶ ಅವರ ಉತ್ತರ:

ಹಳೆಯ_ಕೋಡಿಗ ಅವರ ಮಾತಿಗೆ ಬಹುಪಾಲು ನನ್ನ ಸಹಮತವಿದೆ. ಆದರೆ ಆರಂಭಿಸುವವರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಬಿಡುವುದು ಸರಿಯಲ್ಲ. ಕೈಯಿಂದ ತುಂಬಿದ ದತ್ತಾಂಶವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಹವಾಯಿ ವಿಶ್ವವಿದ್ಯಾಲಯದ ಫಿಲಿಪ್ ಜಾನ್ಸನ್ ಮತ್ತು ಆನ್ ಡಿಸ್ನಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತಿದ್ದರು. ಪಿಎಸ್‌ಪಿ ತರಗತಿಯ ವಿದ್ಯಾರ್ಥಿಗಳು ತುಂಬಿದ ನಮೂನೆಗಳನ್ನು ಅವರು ಒಂದೊಂದಾಗಿ ಮರುಪರಿಶೀಲಿಸಿದಾಗ ಸಾವಿರಕ್ಕೂ ಹೆಚ್ಚು ತಪ್ಪುಗಳು ಸಿಕ್ಕವು. ಲೆಕ್ಕದ ತಪ್ಪುಗಳು, ಖಾಲಿ ಬಿಟ್ಟ ಜಾಗಗಳು, ಒಂದು ನಮೂನೆಯಿಂದ ಇನ್ನೊಂದಕ್ಕೆ ತಪ್ಪಾಗಿ ಒಯ್ದ ಸಂಖ್ಯೆಗಳು ಹೀಗೆ ನಾನಾ ಬಗೆ. ಸರಿಪಡಿಸಿದ ಮೇಲೆ ಕೆಲವು ಅಳತೆಗಳ ಅರ್ಥವೇ ಬದಲಾಯಿತು.

ಇದರಿಂದ ಪಿಎಸ್‌ಪಿ ವ್ಯರ್ಥ ಎಂಬ ತೀರ್ಮಾನಕ್ಕೆ ಬರಬೇಕಿಲ್ಲ, ಜಾನ್ಸನ್ ಅವರೂ ಬರಲಿಲ್ಲ. ಆದರೆ ಲೆಕ್ಕವನ್ನು ಯಂತ್ರಕ್ಕೆ ಬಿಡಬೇಕು ಎಂಬುದಂತೂ ಸ್ಪಷ್ಟ. ಪ್ರೊಸೆಸ್ ಡ್ಯಾಶ್‌ಬೋರ್ಡ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕಾಗಿಯೇ ಇದೆ. ಅದು ಭಾರವೆನಿಸಿದರೆ ಸೂತ್ರಗಳನ್ನು ಹಾಕಿದ ಒಂದು ಸ್ಪ್ರೆಡ್‌ಶೀಟ್ ಸಾಕು. ಜಾನ್ಸನ್ ತಂಡ ಮುಂದೆ ಹ್ಯಾಕಿಸ್ಟ್ಯಾಟ್ ಎಂಬ ವ್ಯವಸ್ಥೆಯಲ್ಲಿ ಎಡಿಟರ್‌ನಿಂದಲೇ ದತ್ತಾಂಶ ಸಂಗ್ರಹಿಸಲು ಹೊರಟಿತು. ಅದರಿಂದ ಬರೆಯುವ ಶ್ರಮ ತಪ್ಪುತ್ತದೆ, ನಿಜ. ಆದರೆ ಯಾವ ಕಡತ ಎಷ್ಟು ಹೊತ್ತು ತೆರೆದಿತ್ತು ಎಂಬುದನ್ನು ಯಂತ್ರ ಹೇಳಬಲ್ಲದೇ ಹೊರತು, ದೋಷ ವಿನ್ಯಾಸದಲ್ಲಿ ಹುಟ್ಟಿತೋ ಕೋಡಿನಲ್ಲಿ ಹುಟ್ಟಿತೋ ಎಂಬುದನ್ನು ಹೇಳಲಾರದು. ಆ ನಿರ್ಣಯ ಬರೆದವರದ್ದೇ, ಮತ್ತು ಕಲಿಕೆ ನಡೆಯುವುದೂ ಆ ನಿರ್ಣಯ ಮಾಡುವ ಹೊತ್ತಿನಲ್ಲೇ ಎಂಬುದು ನನ್ನ ನಂಬಿಕೆ.

ಸಮಯದ ದಾಖಲೆಯಲ್ಲಿ ಅಡಚಣೆಯ ಅಂಕಣವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬೆಳಗ್ಗೆ 10.05ಕ್ಕೆ ಕುಳಿತು 11.50ಕ್ಕೆ ಎದ್ದಿರಿ, ನಡುವೆ ಸ್ಟ್ಯಾಂಡ್‌ಅಪ್ (ತಂಡದ ದಿನನಿತ್ಯದ ಚಿಕ್ಕ ಸಭೆ) ಮತ್ತು ಒಂದು ಫೋನ್ ಕರೆಗೆ 35 ನಿಮಿಷ ಹೋಯಿತು ಎಂದಾದರೆ, ಕೆಲಸಕ್ಕೆ ಸಂದದ್ದು 70 ನಿಮಿಷ. ಅದನ್ನು 105 ಎಂದು ಬರೆದರೆ ಮುಂದಿನ ಎಸ್ಟಿಮೇಟ್‌ಗಳೆಲ್ಲ ಅಡಿಪಾಯದಲ್ಲೇ ವಾಲುತ್ತವೆ. ದಿನದ ಕೊನೆಗೆ ನೆನಪಿನಿಂದ ತುಂಬುವ ಅಭ್ಯಾಸವೂ ಬೇಡ. ಅಂಥ ದಾಖಲೆಯಲ್ಲಿ ಎಲ್ಲವೂ ಅರ್ಧ ಗಂಟೆ, ಒಂದು ಗಂಟೆ ಎಂಬ ದುಂಡನೆಯ ಸಂಖ್ಯೆಗಳಾಗಿಬಿಡುತ್ತವೆ.

ಇನ್ನೊಂದು ವಿಷಯವನ್ನು ನಿರೀಕ್ಷೆಯ ದೃಷ್ಟಿಯಿಂದ ಹೇಳಬೇಕು. ಹಂಫ್ರಿ ಅವರ ಸಂಸ್ಥೆಯೇ 298 ಎಂಜಿನಿಯರುಗಳ ತರಬೇತಿಯ ದತ್ತಾಂಶವನ್ನು ವಿಶ್ಲೇಷಿಸಿ 1997ರಲ್ಲಿ ಹೊರತಂದ ವರದಿಯ ಪ್ರಕಾರ ಎಸ್ಟಿಮೇಟ್‌ಗಳು ಸುಧಾರಿಸಿದವು, ದೋಷಗಳು ಇಳಿದವು. ಆದರೆ ಗಂಟೆಗೆ ಬರೆಯುವ ಸಾಲುಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ವೇಗ ಹೆಚ್ಚಿಸಿಕೊಳ್ಳಲೆಂದು ಇದಕ್ಕೆ ಕೈಹಾಕುವವರು ಕೆಲವೇ ದಿನಗಳಲ್ಲಿ ಬೇಸತ್ತು ಬಿಡುತ್ತಾರೆ. ಇಲ್ಲಿ ಸಿಗುವುದು ಮುನ್ಸೂಚನೆಯ ನಿಖರತೆ ಮತ್ತು ಗುಣಮಟ್ಟ.

ಗುಣಪರೀಕ್ಷಕಿ ಅವರ ಉತ್ತರ:

ಮೇಲಿನ ಇಬ್ಬರೂ ಮುಟ್ಟದ ಒಂದು ಸಂಗತಿಯಿದೆ. ಈ ದಾಖಲೆಯನ್ನು ಮ್ಯಾನೇಜರ್‌ಗೆ ತೋರಿಸಬೇಡಿ, ಕಂಪನಿಯ ಹಂಚಿಕೆಯ ಡ್ರೈವ್‌ನಲ್ಲಿ ಇಡಬೇಡಿ. ಕಡತದಲ್ಲಿ ಟಿಕೆಟ್ (ಒಂದೊಂದು ಕೆಲಸ ಅಥವಾ ದೋಷಕ್ಕೆ ತೆರೆಯುವ ದಾಖಲೆ) ಸಂಖ್ಯೆ ಮತ್ತು ನಿಮ್ಮ ಟಿಪ್ಪಣಿ ಮಾತ್ರ ಇರಲಿ, ಕಂಪನಿಯ ಕೋಡ್ ಅಥವಾ ಗ್ರಾಹಕರ ಮಾಹಿತಿ ಅದರೊಳಗೆ ಬರುವುದು ಬೇಡ. ವೈಯಕ್ತಿಕ ದತ್ತಾಂಶ ಆ ವ್ಯಕ್ತಿಗೇ ಸೇರಿದ್ದು ಎಂದು ಹಂಫ್ರಿ ಒತ್ತಿ ಹೇಳುತ್ತಿದ್ದರು, ಅದಕ್ಕೆ ಬಲವಾದ ಕಾರಣವಿದೆ. ನಾನು ಹಿಂದೆ ಇದ್ದ ಒಂದು ಕಡೆ ದೋಷಗಳ ಎಣಿಕೆಯನ್ನು ಅಪ್ರೈಸಲ್‌ನಲ್ಲಿ ಬಳಸಲು ಆರಂಭಿಸಿದರು. ಮುಂದಿನ ತ್ರೈಮಾಸಿಕದಿಂದಲೇ ಡೆವಲಪರುಗಳು ಬಗ್ ಎಂದು ದಾಖಲಿಸುವುದನ್ನು ಬಿಟ್ಟು "ಸುಧಾರಣೆ" ಎಂದು ದಾಖಲಿಸತೊಡಗಿದರು, ಟೆಸ್ಟರ್ ಆಗಿದ್ದ ನನ್ನ ಬಳಿ ಬಂದು "ಮೇಡಂ, ಇದನ್ನು ಟಿಕೆಟ್ ಮಾಡಬೇಡಿ, ಬಾಯಲ್ಲೇ ಹೇಳಿಬಿಡಿ, ಸರಿ ಮಾಡಿಕೊಡುತ್ತೇವೆ" ಎನ್ನತೊಡಗಿದರು. ಅವರನ್ನು ದೂಷಿಸಲು ನನಗೆ ಮನಸ್ಸಾಗಲಿಲ್ಲ. ಸಂಬಳಕ್ಕೆ ಕಟ್ಟಿಹಾಕಿದ ಸಂಖ್ಯೆಯನ್ನು ಯಾರೂ ಪ್ರಾಮಾಣಿಕವಾಗಿ ಬರೆಯಲಾರರು.

ಟೆಸ್ಟರ್‌ಗಳಿಗೂ ಈ ವಿಧಾನ ಒಪ್ಪುತ್ತದೆ ಎಂಬುದನ್ನು ಸೇರಿಸುತ್ತೇನೆ. ನನ್ನ ಕೈ ತಪ್ಪಿಸಿಕೊಂಡು ಗ್ರಾಹಕರ ಬಳಿ ಹೋದ ದೋಷಗಳನ್ನು ನಾನು ಬಗೆಯ ಪ್ರಕಾರ ಬರೆದಿಡುತ್ತೇನೆ, ನನ್ನ ಟೆಸ್ಟ್ ಪಟ್ಟಿ ಬೆಳೆಯುವುದು ಅದರಿಂದಲೇ.

ತುಂಗಾತೀರ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ದೋಷಗಳ ದಾಖಲೆಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಆರಂಭಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ನನ್ನ ಕೆಲಸದಲ್ಲಿ ಹೊಸ ಕೋಡಿಗಿಂತ ಹಳೆಯ ಕೋಡಿನ ತಿದ್ದುಪಡಿಯೇ ಹೆಚ್ಚು. ಇಡೀ ದಿನ ಓದಿ ಕೊನೆಗೆ ಮೂರು ಸಾಲು ಬದಲಿಸಿದ ದಿನಗಳೂ ಇರುತ್ತವೆ. ಅಂಥಲ್ಲಿ ಸಾಲುಗಳನ್ನು ಆಧರಿಸಿ ಎಸ್ಟಿಮೇಟ್ ಮಾಡುವುದು ಹೇಗೆ? ಎರಡನೆಯದಾಗಿ, ನಮ್ಮ ತಂಡದಲ್ಲಿ ಎಐ ಸಹಾಯಕ ಬರೆದುಕೊಡುವ ಕೋಡಿನ ಪಾಲು ಏರುತ್ತಿದೆ. ಅದರಲ್ಲಿ ಸಿಕ್ಕ ದೋಷವನ್ನು ನನ್ನ ಲೆಕ್ಕಕ್ಕೆ ಬರೆಯಬೇಕೇ?

ಹಳೆಯ_ಕೋಡಿಗ ಅವರ ಉತ್ತರ:

ಪಿಎಸ್‌ಪಿಯ ಎಸ್ಟಿಮೇಟ್ ವಿಧಾನಕ್ಕೆ ಪ್ರೋಬ್ ಎಂದು ಹೆಸರು. ಅದು ಸಾಲುಗಳನ್ನು ನೇರವಾಗಿ ಊಹಿಸಲು ಹೇಳುವುದೇ ಇಲ್ಲ. ಕೆಲಸ ಶುರುವಾಗುವ ಮೊದಲೇ ಎಣಿಸಬಹುದಾದ ಯಾವುದಾದರೂ ಒಂದನ್ನು ಗಾತ್ರದ ಪ್ರತಿನಿಧಿಯಾಗಿ ಹಿಡಿದು, ಹಿಂದಿನ ಕೆಲಸಗಳಲ್ಲಿ ಅದಕ್ಕೂ ನಿಜಕ್ಕೂ ಇದ್ದ ಸಂಬಂಧವನ್ನು ಮುಂದಕ್ಕೆ ಅನ್ವಯಿಸುವುದು ಅದರ ತಿರುಳು. ಹಂಫ್ರಿ ಅವರ ಕಾಲಕ್ಕೆ ಕ್ಲಾಸ್‌ಗಳು ಮತ್ತು ಮೆಥಡ್‌ಗಳು ಆ ಪ್ರತಿನಿಧಿಯಾಗಿದ್ದವು. ನಿಮ್ಮಂಥ ತಿದ್ದುಪಡಿಯ ಕೆಲಸದಲ್ಲಿ ಮುಟ್ಟಬೇಕಾದ ಕಡತಗಳು, ಓದಬೇಕಾದ ಮಾಡ್ಯೂಲ್‌ಗಳು, ಬದಲಾಗುವ ಟೇಬಲ್‌ಗಳು ಆ ಸ್ಥಾನಕ್ಕೆ ಬರಬಹುದು. ಮೂಲದಲ್ಲಿ ರಿಗ್ರೆಷನ್ ಬಳಸಲು ಕನಿಷ್ಠ ಮೂರು ಹಿಂದಿನ ಕೆಲಸಗಳ ಅಂಕಿ ಇರಬೇಕು, ಪರಸ್ಪರ ಸಂಬಂಧವೂ ಸಾಕಷ್ಟು ಬಲವಾಗಿರಬೇಕು, ಅಂದರೆ ಆರ್ ವರ್ಗ 0.5ಕ್ಕಿಂತ ಕಡಿಮೆಯಾಗಿರಬಾರದು ಎಂಬ ಷರತ್ತಿದೆ. ಅಷ್ಟು ದತ್ತಾಂಶ ಕೂಡುವವರೆಗೆ ಸರಳ ಅನುಪಾತವೇ ಸಾಕು.

ಉದಾಹರಣೆಗೆ, ಹಿಂದಿನ ಐದು ಟಿಕೆಟ್‌ಗಳಿಗೆ ನೀವು 6, 10, 4, 16 ಮತ್ತು 8 ಗಂಟೆ ಎಂದು ಹೇಳಿದ್ದಿರಿ, ನಿಜವಾಗಿ ತಗುಲಿದ್ದು 9, 13, 7, 25 ಮತ್ತು 12 ಗಂಟೆ ಎಂದುಕೊಳ್ಳೋಣ. ಹೇಳಿದ್ದರ ಮೊತ್ತ 44, ಆದದ್ದರ ಮೊತ್ತ 66, ಅನುಪಾತ 1.5. ಹೊಸ ಟಿಕೆಟ್‌ಗೆ 12 ಗಂಟೆ ಎಂದು ನಿಮ್ಮ ಮನಸ್ಸು ಹೇಳಿದರೆ ಯೋಜನೆಯಲ್ಲಿ 18 ಎಂದು ಬರೆಯಬೇಕು. ಇಲ್ಲಿ ಇನ್ನೊಂದು ಗಮನಿಸುವಂಥ ವಿಷಯವಿದೆ. ಒಂದೊಂದು ಟಿಕೆಟಿನ ಅನುಪಾತ 1.3ರಿಂದ 1.75ರ ನಡುವೆಯೇ ಇದೆ. ಆದ್ದರಿಂದ ಸ್ಪ್ರಿಂಟ್ (ತಂಡ ಒಂದು ಕಂತಿನಲ್ಲಿ ಮಾಡುವ ಕೆಲಸದ ನಿಗದಿತ ಅವಧಿ) ಯೋಜನೆಯ ಸಭೆಯಲ್ಲಿ "16ರಿಂದ 21 ಗಂಟೆ ಬೇಕು" ಎಂದು ಧೈರ್ಯವಾಗಿ ಹೇಳಬಹುದು. ಸ್ವಂತ ದತ್ತಾಂಶ ಕೈಯಲ್ಲಿದ್ದವರಿಗೆ ಆ ಸಭೆಯಲ್ಲಿ ಒತ್ತಡಕ್ಕೆ ಮಣಿಯದೆ ಮಾತನಾಡಲು ಸಾಧ್ಯವಾಗುತ್ತದೆ. ದಾಖಲೆಯನ್ನು ತೋರಿಸಬೇಕಿಲ್ಲ ಎಂಬ ಗುಣಪರೀಕ್ಷಕಿ ಮೇಡಂ ಅವರ ಮಾತು ಸರಿ. ಅದರಿಂದ ಬಂದ ಸಂಖ್ಯೆಯನ್ನು ಹೇಳಿದರೆ ಸಾಕು.

ಓದುವ ಸಮಯಕ್ಕೆ ಪ್ರತ್ಯೇಕ ಹಂತವನ್ನೇ ಇಟ್ಟುಕೊಳ್ಳಿ. ಹಂಫ್ರಿ ಅವರ ನಮೂನೆಯಲ್ಲಿ ಅದು ಇಲ್ಲ, ಏಕೆಂದರೆ ಅವರ ಅಭ್ಯಾಸಗಳು ಹೆಚ್ಚಾಗಿ ಹೊಸ ಸಣ್ಣ ಪ್ರೋಗ್ರಾಂಗಳು. ಹಂತಗಳನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದು ಈ ವಿಧಾನಕ್ಕೆ ಮಾಡುವ ಅಪಚಾರವಲ್ಲ. ಬದಲಾವಣೆಯ ಪ್ರಸ್ತಾವವನ್ನು ತನಗೆ ತಾನೇ ಬರೆದುಕೊಳ್ಳಲು ಪಿಎಸ್‌ಪಿಯಲ್ಲೇ ಒಂದು ನಮೂನೆಯಿದೆ.

ಅಂಕಿಅಂಶ ಅವರ ಉತ್ತರ:

ಎಐ ಕುರಿತ ಪ್ರಶ್ನೆಗೆ ನನ್ನ ಅಭಿಪ್ರಾಯ: ನಿಮ್ಮ ಹೆಸರಿನಲ್ಲಿ ಕಮಿಟ್ ಆದದ್ದೆಲ್ಲವೂ (ಕೋಡ್ ಭಂಡಾರಕ್ಕೆ ಸೇರಿದ್ದೆಲ್ಲವೂ) ನಿಮ್ಮ ಲೆಕ್ಕವೇ. ಆದರೆ ದೋಷ ಸೇರಿದ ಹಂತದ ಅಂಕಣದಲ್ಲಿ "ಕೋಡ್" ಎಂದು ಬರೆಯುವ ಬದಲು "ಸ್ವೀಕಾರ" ಎಂಬ ಹೊಸ ಹಂತವನ್ನು ತೆರೆಯಿರಿ, ಏಕೆಂದರೆ ಅಲ್ಲಿ ನೀವು ಮಾಡಿದ ಕೆಲಸ ಬೇರೆಯವರು ಬರೆದ ಕೋಡನ್ನು ಓದಿ ಒಪ್ಪಿಕೊಂಡದ್ದು. ಒಂದೆರಡು ತಿಂಗಳ ದಾಖಲೆಯಲ್ಲಿ ಆ ಹಂತದಿಂದ ಬಂದ ದೋಷಗಳ ಬಗೆಗಳು ನಿಮ್ಮ ಕೈಬರಹದ ದೋಷಗಳಿಗಿಂತ ಭಿನ್ನವಾಗಿವೆಯೇ ಎಂದು ನೋಡಿ. ಭಿನ್ನವಾಗಿದ್ದರೆ ಅದಕ್ಕೆಂದೇ ಎರಡನೆಯ ಚೆಕ್‌ಲಿಸ್ಟ್ ಬೇಕಾಗುತ್ತದೆ.

ಗಂಟೆಗೆ 200 ಸಾಲು ಎಂಬ ಮಿತಿ ಇಲ್ಲಿ ಹಿಂದೆಂದಿಗಿಂತ ಹೆಚ್ಚು ಒದಗುತ್ತದೆ. ನಿಮಿಷದಲ್ಲಿ 400 ಸಾಲು ಬಂದು ಬಿದ್ದಾಗಲೂ ಅದನ್ನು ಸರಿಯಾಗಿ ಓದಲು ಎರಡು ಗಂಟೆ ಬೇಕು, ಎಸ್ಟಿಮೇಟ್‌ನಲ್ಲಿ ಆ ಎರಡು ಗಂಟೆಗೆ ಜಾಗವಿರಬೇಕು. ರಿವ್ಯೂ ಸಮಯವನ್ನು ಟೆಸ್ಟಿಂಗ್ ಸಮಯದಿಂದ ಭಾಗಿಸಿ ನೋಡುವ ಒಂದು ಅಳತೆಯೂ ಪಿಎಸ್‌ಪಿಯಲ್ಲಿದೆ. ಮೂಲದಲ್ಲಿ ಕಂಪೈಲ್ ಸಮಯವನ್ನೂ ಟೆಸ್ಟಿಂಗ್ ಜೊತೆ ಕೂಡಿಸುತ್ತಾರೆ, ಅದು 2ಕ್ಕಿಂತ ಹೆಚ್ಚಿರಲಿ ಎಂಬುದು ಗುರಿ. ಅರ್ಧ ಗಂಟೆ ಓದಿ ಎರಡೂವರೆ ಗಂಟೆ ಟೆಸ್ಟ್‌ಗಳೊಂದಿಗೆ ಗುದ್ದಾಡಿದರೆ ಅದು 0.2 ಆಗುತ್ತದೆ. ಎಐ ಬರೆದ ಕೋಡಿಗೂ ನೀವೇ ಬರೆದ ಕೋಡಿಗೂ ಈ ಸಂಖ್ಯೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಸಾಧ್ಯವಾದರೆ ಕೆಲವು ತಿಂಗಳ ನಂತರ ಅದನ್ನು ಇಲ್ಲಿಯೂ ಹಂಚಿಕೊಳ್ಳಿ, ನಮ್ಮಲ್ಲಿ ಹಲವರಿಗೆ ಉಪಯೋಗವಾಗುತ್ತದೆ.